ಗಣಕದಲ್ಲಿ ಧ್ವನಿಮುದ್ರಣ: ಒಳಗಿನ ಕಾರ್ಡೋ, ಹೊರಗಿನ ಪೆಟ್ಟಿಗೆಯೋ?

ಮೈಸೂರಿಗೂ ಧ್ವನಿಯ ಉದ್ಯಮಕ್ಕೂ ಇರುವ ನಂಟು ಹಳೆಯದು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನಿಟ್ಟು ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಮುಂದೆ ರಾಷ್ಟ್ರದ ಬಾನುಲಿಗೇ ಹೆಸರಾದ ‘ಆಕಾಶವಾಣಿ’ ಎಂಬ ಪದವು ಈ ಕೇಂದ್ರದೊಂದಿಗೆ ಬೆಳೆದು ಬಂದದ್ದು. 1942ರಲ್ಲಿ ಸಂಸ್ಥಾನದ ಸರ್ಕಾರವು ಕೇಂದ್ರವನ್ನು ವಹಿಸಿಕೊಳ್ಳುವವರೆಗೂ ಅದರ ಖರ್ಚಿನ ಭಾರದಲ್ಲಿ ದೊಡ್ಡ ಪಾಲು ಒಬ್ಬ ವ್ಯಕ್ತಿಯ ಜೇಬಿನದೇ ಆಗಿತ್ತು. ಧ್ವನಿಯ ಸಲಕರಣೆಗೆ ಹಾಕುವ ಹಣ ಎಷ್ಟು, ಅದು ಯಾವಾಗ ಹಿಂದಿರುಗೀತು ಎಂಬ ಪ್ರಶ್ನೆ ಆ ಕಾಲದಲ್ಲಿಯೂ ಇತ್ತು, ಈಗಲೂ ಇದೆ.

ಧ್ವನಿಮುದ್ರಣವು ಇಂದು ಬಾನುಲಿ ಕೇಂದ್ರಕ್ಕೋ ಚಲನಚಿತ್ರ ಸ್ಟುಡಿಯೋಗೋ ಮೀಸಲಾಗಿ ಉಳಿದಿಲ್ಲ. ಊದುಬತ್ತಿ ತಯಾರಕರು ಜಾಹೀರಾತಿನ ಸಾಲುಗಳನ್ನು ಓದಿಸಬೇಕಾಗುತ್ತದೆ. ಯಂತ್ರೋಪಕರಣಗಳ ತಯಾರಕರು ತಮ್ಮ ಯಂತ್ರ ನಡೆಸುವ ವಿಧಾನವನ್ನು ಕನ್ನಡ, ಹಿಂದಿ, ತಮಿಳುಗಳಲ್ಲಿ ವಿವರಿಸುವ ದೃಶ್ಯಪಾಠಗಳನ್ನು ಗ್ರಾಹಕರಿಗೆ ಕಳುಹಿಸುತ್ತಾರೆ. ಮುದ್ರಣಾಲಯದವರು ಶ್ರವ್ಯಪುಸ್ತಕಗಳ ಕಡೆಗೆ ನೋಡುತ್ತಿದ್ದಾರೆ. ದೂರವಾಣಿಯಲ್ಲಿ ಗ್ರಾಹಕರನ್ನು ಸ್ವಾಗತಿಸುವ ಸಂದೇಶ, ಅಂಗಡಿಯೊಳಗಿನ ಪ್ರಕಟಣೆ, ದಸರಾ ಮತ್ತು ದೀಪಾವಳಿಯ ವಿಶೇಷ ಮಾರಾಟದ ಘೋಷಣೆ, ಇವೆಲ್ಲಕ್ಕೂ ಸ್ಪಷ್ಟವಾದ ಧ್ವನಿ ಬೇಕು. 1969ರಲ್ಲಿ ನಗರದಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದಂತಹ ಸಂಸ್ಥೆಗಳಿಂದಾಗಿ ಭಾಷೆ ಮತ್ತು ಉಚ್ಚಾರಣೆಯನ್ನು ಬಲ್ಲವರೂ ಮೈಸೂರಿನಲ್ಲಿ ದೊರೆಯುತ್ತಾರೆ. ಆದ್ದರಿಂದ ಸ್ವಂತ ಧ್ವನಿಮುದ್ರಣ ಕೊಠಡಿಯ ಆಲೋಚನೆ ಅನೇಕ ಸಣ್ಣ ಉದ್ದಿಮೆದಾರರಲ್ಲಿ ಮೂಡುವುದು ಸಹಜ.

ಅಲ್ಲಿ ಎದುರಾಗುವ ಮೊದಲ ಖರೀದಿಯ ಪ್ರಶ್ನೆ ಇದು: ಗಣಕಯಂತ್ರದ ಒಳಗೆ ಕೂರುವ ಆಡಿಯೊ ಕಾರ್ಡನ್ನು ಕೊಳ್ಳಬೇಕೆ, ಅಥವಾ ಹೊರಗಿನಿಂದ ತಂತಿಯಲ್ಲಿ ಜೋಡಿಸುವ ಪೆಟ್ಟಿಗೆಯನ್ನು ಕೊಳ್ಳಬೇಕೆ? ಮಾರಾಟಗಾರರ ಮಾತನ್ನಷ್ಟೇ ನಂಬಿ ಉತ್ತರಿಸುವ ಪ್ರಶ್ನೆ ಇದಲ್ಲ. ತಂತ್ರಜ್ಞಾನ, ವೆಚ್ಚ, ತೆರಿಗೆ ಈ ಮೂರನ್ನೂ ಒಟ್ಟಿಗೆ ತೂಗಿ ನೋಡಬೇಕಾದ ವಿಷಯವಿದು.

1. ಇಂಟರ್‌ಫೇಸ್ ಮಾಡುವ ಕೆಲಸ

ಮೈಕ್ರೊಫೋನ್ ಕೊಡುವುದು ಅತಿ ಸಣ್ಣ ವಿದ್ಯುತ್ ಸಂಕೇತ. ಗಣಕವು ಬಲ್ಲದ್ದು ಅಂಕಿಗಳನ್ನು ಮಾತ್ರ. ಇವೆರಡರ ನಡುವಿನ ದುಭಾಷಿಯೇ ಆಡಿಯೊ ಇಂಟರ್‌ಫೇಸ್. ಇದು ಮೂರು ಕೆಲಸಗಳನ್ನು ಮಾಡಬೇಕು. ಮೊದಲನೆಯದು, ಮೈಕ್ರೊಫೋನಿನ ಸಂಕೇತವನ್ನು ಹಿಗ್ಗಿಸುವುದು. ಈ ಭಾಗಕ್ಕೆ ಪ್ರಿಆಂಪ್ಲಿಫೈಯರ್, ರೂಢಿಯಲ್ಲಿ ಪ್ರಿಆಂಪ್, ಎಂದು ಹೆಸರು. ಕಂಡೆನ್ಸರ್ ಬಗೆಯ ಮೈಕ್ರೊಫೋನ್‌ಗೆ ಬೇಕಾದ 48 ವೋಲ್ಟ್ ‘ಫ್ಯಾಂಟಮ್’ ವಿದ್ಯುತ್ತೂ ಸಾಮಾನ್ಯವಾಗಿ ಇಲ್ಲಿಂದಲೇ ದೊರೆಯುತ್ತದೆ. ಎರಡನೆಯದು, ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವುದು. ಮೂರನೆಯದು, ಆ ಅಂಕಿಗಳನ್ನು ತಡವಿಲ್ಲದೆ ಗಣಕಕ್ಕೆ ತಲುಪಿಸಿ, ಗಣಕದಿಂದ ಬಂದದ್ದನ್ನು ಮತ್ತೆ ಧ್ವನಿಯಾಗಿಸಿ ಹೆಡ್‌ಫೋನಿಗೆ ಕೊಡುವುದು.

ಪ್ರತಿ ಗಣಕದ ಮದರ್‌ಬೋರ್ಡಿನಲ್ಲಿಯೂ ಸಾಧಾರಣ ಧ್ವನಿ ವ್ಯವಸ್ಥೆ ಇದ್ದೇ ಇರುತ್ತದೆ. ಮಾತುಕತೆಗೆ ಅದು ಸಾಕು. ಆದರೆ ವೃತ್ತಿಪರ ಮೈಕ್ರೊಫೋನಿನ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪ್ಲಗ್ಗಿಗೆ ಅದರಲ್ಲಿ ಜಾಗವಿಲ್ಲ, 48 ವೋಲ್ಟ್ ಇಲ್ಲ, ಉತ್ತಮ ಪ್ರಿಆಂಪ್ ಇಲ್ಲ. ಆದುದರಿಂದಲೇ ಪ್ರತ್ಯೇಕ ಸಲಕರಣೆಯ ಅಗತ್ಯ ಬೀಳುತ್ತದೆ.

2. ಒಳಗಿನ ಕಾರ್ಡ್

ಒಳಗಿನ ಕಾರ್ಡು ಮೇಜಿನ ಗಣಕದ ಕವಚದೊಳಗೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಖಾಲಿ ಸ್ಥಾನದಲ್ಲಿ ಕೂರುತ್ತದೆ. ಗಣಕದ ಮುಖ್ಯ ಮಾರ್ಗಕ್ಕೆ ನೇರವಾಗಿ ಜೋಡಿಸಿರುವುದರಿಂದ ಮಾಹಿತಿ ಸಾಗಣೆ ಅತಿ ಶೀಘ್ರ. ತಂತಿ ಕಳಚುವ ಭಯವಿಲ್ಲ; ಕೊಠಡಿಯಿಂದ ಯಾರೂ ಜೇಬಿಗೆ ಹಾಕಿಕೊಂಡು ಹೋಗಲಾರರು. ಏಕಕಾಲಕ್ಕೆ ಹದಿನಾರು, ಮೂವತ್ತೆರಡು ಅಥವಾ ಇನ್ನೂ ಹೆಚ್ಚು ವಾಹಿನಿಗಳಲ್ಲಿ ಮುದ್ರಿಸುವ ಸ್ಥಿರ ಸ್ಟುಡಿಯೋಗಳಲ್ಲಿ ಇಂದಿಗೂ ಈ ಬಗೆಯ ಕಾರ್ಡುಗಳಿಗೆ ಸ್ಥಾನವಿದೆ.

ಇದರ ಕೊರತೆಗಳನ್ನೂ ಎಣಿಸಬೇಕು. ಕಾರ್ಡಿನ ಹಿಂಬದಿಯ ಪಟ್ಟಿ ಕಿರಿದಾದ್ದರಿಂದ ಮೈಕ್ರೊಫೋನಿನ ದೊಡ್ಡ ಪ್ಲಗ್ಗುಗಳಿಗೆ ಅಲ್ಲಿ ಎಡೆಯಿಲ್ಲ. ಬಹುಪಾಲು ಕಾರ್ಡುಗಳಲ್ಲಿ ಮೈಕ್ರೊಫೋನ್ ಪ್ರಿಆಂಪ್ ಇರುವುದಿಲ್ಲ. ಅದನ್ನು ಅಥವಾ ಮಿಕ್ಸರನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಬೆಲೆಪಟ್ಟಿಯಲ್ಲಿ ಕಾರ್ಡಿನ ಬೆಲೆ ಮಾತ್ರ ಕಾಣುವುದರಿಂದ ಅನೇಕರು ಎಡವುವುದು ಇಲ್ಲಿಯೇ. ಕಾರ್ಡನ್ನು ಕೂರಿಸಲು ಕವಚ ಬಿಚ್ಚಬೇಕು, ಬಲ್ಲವರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲ್ಯಾಪ್‌ಟಾಪ್‌ನಲ್ಲಿ ಇಂತಹ ಕಾರ್ಡಿಗೆ ಸ್ಥಾನವೇ ಇಲ್ಲ.

3. ಹೊರಗಿನ ಪೆಟ್ಟಿಗೆ

ಹೊರಗಿನ ಪೆಟ್ಟಿಗೆಯು ಯುಎಸ್‌ಬಿ ಅಥವಾ ಥಂಡರ್‌ಬೋಲ್ಟ್ ತಂತಿಯಲ್ಲಿ ಗಣಕಕ್ಕೆ ಜೋಡಣೆಯಾಗುತ್ತದೆ. ಎರಡು ಮೈಕ್ರೊಫೋನ್‌ಗಳ ಸಾಧಾರಣ ಪೆಟ್ಟಿಗೆಯಲ್ಲಿ ಪ್ರಿಆಂಪ್, 48 ವೋಲ್ಟ್, ಪರಿವರ್ತಕ, ಹೆಡ್‌ಫೋನ್ ದ್ವಾರ, ಧ್ವನಿಮಟ್ಟದ ಗುಂಡಿಗಳು ಇವೆಲ್ಲವೂ ಒಂದೇ ಕವಚದಲ್ಲಿ ಇರುತ್ತವೆ. ಮೇಜಿನ ಗಣಕ, ಲ್ಯಾಪ್‌ಟಾಪ್ ಎರಡಕ್ಕೂ ಹೊಂದುತ್ತದೆ. ಗಣಕ ಕೆಟ್ಟರೆ ಮತ್ತೊಂದು ಗಣಕಕ್ಕೆ ಜೋಡಿಸಿ ಅದೇ ದಿನ ಕೆಲಸ ಮುಂದುವರಿಸಬಹುದು. ನಂಜನಗೂಡಿನ ಕಾರ್ಖಾನೆಗೋ ಶ್ರೀರಂಗಪಟ್ಟಣದ ದೇವಾಲಯಕ್ಕೋ ಕೊಂಡೊಯ್ದು ಅಲ್ಲಿಯೇ ಮುದ್ರಿಸಬಹುದು.

ಕೊಂಡೊಯ್ಯಬಹುದಾದ ವಸ್ತುವಿಗೆ ಕೊಂಡೊಯ್ಯುವ ಅಪಾಯಗಳೂ ಇವೆ: ಬೀಳುವುದು, ಕಳೆಯುವುದು, ತಂತಿ ಸಡಿಲವಾಗುವುದು. ತಂತಿಯಿಂದಲೇ ವಿದ್ಯುತ್ ಪಡೆಯುವ ಪೆಟ್ಟಿಗೆಗಳಿಗೆ ಮತ್ತೊಂದು ಮಿತಿಯಿದೆ. ಯುಎಸ್‌ಬಿ 2.0 ದ್ವಾರವು ಸಾಮಾನ್ಯವಾಗಿ ಕೊಡಬಲ್ಲದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್, ಯುಎಸ್‌ಬಿ 3.0 ದ್ವಾರವಾದರೆ 900 ಮಿಲಿಆಂಪಿಯರ್, ನಾಲ್ಕೂವರೆ ವ್ಯಾಟ್. ಒಂದೇ ದ್ವಾರಕ್ಕೆ ಹಬ್ ಜೋಡಿಸಿ ಅದಕ್ಕೆ ಮೌಸ್, ಪ್ರಿಂಟರ್, ಹಾರ್ಡ್ ಡಿಸ್ಕ್, ಇಂಟರ್‌ಫೇಸ್ ಎಲ್ಲವನ್ನೂ ಹಾಕಿದರೆ ಮುದ್ರಣದ ನಡುವೆ ಧ್ವನಿ ಕಡಿಯುತ್ತದೆ. ಇಂಟರ್‌ಫೇಸಿಗೆ ಗಣಕದ ಒಂದು ದ್ವಾರವನ್ನು ಪ್ರತ್ಯೇಕವಾಗಿ ಬಿಡಬೇಕು ಎಂಬುದು ಇದರಿಂದ ಬಂದ ನಿಯಮ.

4. ವೇಗದ ಲೆಕ್ಕ

ಒಳಗಿನ ಕಾರ್ಡೇ ಶ್ರೇಷ್ಠವೆಂಬ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಅದನ್ನು ಅಂಕಿಗಳಲ್ಲಿಯೇ ನೋಡಬಹುದು. ವೃತ್ತಿಪರ ಮುದ್ರಣದಲ್ಲಿ ಸೆಕೆಂಡಿಗೆ 48,000 ಮಾದರಿಗಳನ್ನು, ಪ್ರತಿ ಮಾದರಿಗೆ 24 ಬಿಟ್‌ನಂತೆ, ದಾಖಲಿಸುವುದು ರೂಢಿ. ಒಂದು ವಾಹಿನಿಗೆ ಸೆಕೆಂಡಿಗೆ 11,52,000 ಬಿಟ್ ಆಯಿತು. ಎಂಟು ವಾಹಿನಿಗಳು ಒಳಕ್ಕೆ, ಎಂಟು ಹೊರಕ್ಕೆ ಎಂದರೆ ಸುಮಾರು 184 ಲಕ್ಷ ಬಿಟ್, ಅಂದರೆ 18.4 ಮೆಗಾಬಿಟ್.

1998ರ ಯುಎಸ್‌ಬಿ 1.1ರ ಗರಿಷ್ಠ ವೇಗ 12 ಮೆಗಾಬಿಟ್ ಮಾತ್ರ. ಈ ಹೊರೆ ಅದಕ್ಕೆ ಅಸಾಧ್ಯವಾಗಿತ್ತು. ಅದೇ ಕಾಲದ ಪಿಸಿಐ ಮಾರ್ಗವು ಸೆಕೆಂಡಿಗೆ ಸುಮಾರು 133 ಮೆಗಾಬೈಟ್, ಎಂದರೆ ಸಾವಿರ ಮೆಗಾಬಿಟ್‌ಗೂ ಮಿಗಿಲಾಗಿ ಸಾಗಿಸುತ್ತಿತ್ತು. ಅಂದು ಕಾರ್ಡನ್ನು ಆರಿಸಿದವರ ನಿರ್ಧಾರ ಸರಿಯಾಗಿಯೇ ಇತ್ತು. 2000ದಲ್ಲಿ ಬಂದ ಯುಎಸ್‌ಬಿ 2.0ರ ನಮೂದಿತ ವೇಗ 480 ಮೆಗಾಬಿಟ್. ಮೇಲಿನ ಹೊರೆ ಅದರ ಶೇಕಡ ನಾಲ್ಕರಷ್ಟೂ ಆಗುವುದಿಲ್ಲ. ಹೀಗಾಗಿ ಎರಡರಿಂದ ಎಂಟು ಮೈಕ್ರೊಫೋನ್‌ಗಳವರೆಗಿನ ಕೆಲಸಕ್ಕೆ ವೇಗದ ಕಾರಣದಿಂದ ಒಳಗಿನ ಕಾರ್ಡನ್ನು ಆರಿಸುವ ಅಗತ್ಯ ಈಗ ಉಳಿದಿಲ್ಲ.

ಸಂಗ್ರಹದ ಲೆಕ್ಕವೂ ಇದರಿಂದಲೇ ಸಿಗುತ್ತದೆ. ಒಂದು ವಾಹಿನಿಯ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 518 ಮೆಗಾಬೈಟ್ ಬೇಕು. ಎರಡು ವಾಹಿನಿಗಳಿಗೆ ಒಂದು ಗಿಗಾಬೈಟ್‌ಗಿಂತ ತುಸು ಹೆಚ್ಚು. ಮೂಲ ಪ್ರತಿಯನ್ನು ಎರಡು ಕಡೆ ಇಡುವುದು ವಿವೇಕವಾದ್ದರಿಂದ ಹಾರ್ಡ್ ಡಿಸ್ಕಿನ ಅಂದಾಜನ್ನು ಇದರ ಇಮ್ಮಡಿಯಾಗಿ ಮಾಡಬೇಕು.

5. ವಿಳಂಬದ ಪ್ರಶ್ನೆ

ಹಾಡುವವರು ತಮ್ಮ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುತ್ತಾರೆ. ಧ್ವನಿಯು ಗಣಕದೊಳಗೆ ಹೋಗಿ ಹಿಂದಿರುಗುವಷ್ಟರಲ್ಲಿ ತಡವಾದರೆ ತಾಳ ತಪ್ಪುತ್ತದೆ. ಗಣಕವು ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಸ್ವೀಕರಿಸುತ್ತದೆ. ಕಂತಿನ ಗಾತ್ರ 256 ಮಾದರಿಗಳೆಂದರೆ, 48,000ದಿಂದ ಭಾಗಿಸಿದಾಗ ಸಾವಿರದ ಐದು ಪಾಲು ಸೆಕೆಂಡ್‌ಗಿಂತ ತುಸು ಹೆಚ್ಚು ಕಾಲ. ಹೋಗಿ ಬರುವುದಕ್ಕೆ ಅದರ ಇಮ್ಮಡಿ, ಸುಮಾರು 10.7 ಮಿಲಿಸೆಕೆಂಡ್, ಪರಿವರ್ತಕಗಳ ಕಾಲ ಇದಕ್ಕೆ ಸೇರುತ್ತದೆ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಇದು ಮೂರೂವರೆ ಮೀಟರ್ ದೂರದಲ್ಲಿ ಕುಳಿತ ವಾದಕರನ್ನು ಕೇಳಿದಂತೆ.

ಉತ್ತಮ ಒಳಗಿನ ಕಾರ್ಡಿನಲ್ಲಿ ಈ ಕಂತನ್ನು ಬಹಳ ಕಿರಿದಾಗಿಸಬಹುದು. ಆದರೆ ಬಹುಪಾಲು ಹೊರಗಿನ ಪೆಟ್ಟಿಗೆಗಳಲ್ಲಿ ಮೈಕ್ರೊಫೋನಿನ ಧ್ವನಿಯನ್ನು ಗಣಕಕ್ಕೆ ಹೋಗದೆಯೇ ನೇರವಾಗಿ ಹೆಡ್‌ಫೋನಿಗೆ ಕೊಡುವ ಸೌಲಭ್ಯವಿದೆ. ಅದನ್ನು ಬಳಸಿದರೆ ವಿಳಂಬದ ತೊಂದರೆ ಹೆಚ್ಚಿನ ಕೆಲಸಗಳಲ್ಲಿ ನಿವಾರಣೆಯಾಗುತ್ತದೆ. ಜಾಹೀರಾತಿನ ಓದು, ಶ್ರವ್ಯಪುಸ್ತಕ, ತರಬೇತಿಯ ಪಾಠಗಳಿಗಂತೂ ವಿಳಂಬವು ನಿರ್ಣಾಯಕ ಅಂಶವೇ ಅಲ್ಲ.

6. ಗದ್ದಲ ಮತ್ತು ವಿದ್ಯುತ್

ಗಣಕದ ಕವಚದೊಳಗೆ ವಿದ್ಯುತ್ ಪೂರೈಕೆಯ ಘಟಕ, ಫ್ಯಾನುಗಳು, ಚಿತ್ರದ ಕಾರ್ಡು ಇವೆಲ್ಲ ಸೂಕ್ಷ್ಮ ವಿದ್ಯುತ್ ಗದ್ದಲವನ್ನು ಹೊಮ್ಮಿಸುತ್ತವೆ. ಅಗ್ಗದ ಕಾರ್ಡುಗಳಲ್ಲಿ ಇದು ಸಣ್ಣ ಸಿಳ್ಳಿನಂತೆ ಮುದ್ರಣದಲ್ಲಿ ಸೇರಿಕೊಳ್ಳಬಹುದು. ಉತ್ತಮ ಕಾರ್ಡುಗಳ ತಯಾರಕರು ಇದನ್ನು ಚೆನ್ನಾಗಿ ತಡೆದಿದ್ದಾರೆ. ಕೆಲವರು ಪರಿವರ್ತಕವನ್ನೇ ಹೊರಗಿನ ಪೆಟ್ಟಿಗೆಗೆ ಸಾಗಿಸಿ, ಕಾರ್ಡಿಗೆ ಅಂಕಿ ಸಾಗಿಸುವ ಕೆಲಸವನ್ನಷ್ಟೇ ಬಿಟ್ಟಿದ್ದಾರೆ.

ಹೊರಗಿನ ಪೆಟ್ಟಿಗೆ ಇಟ್ಟ ಮಾತ್ರಕ್ಕೆ ಗದ್ದಲ ಮಾಯವಾಗುವುದಿಲ್ಲ. ಗಣಕ, ಮಿಕ್ಸರ್, ಧ್ವನಿವರ್ಧಕಗಳನ್ನು ಬೇರೆ ಬೇರೆ ಗೋಡೆಯ ಪ್ಲಗ್ಗುಗಳಿಗೆ ಹಾಕಿ, ಅರ್ಥಿಂಗ್ ಸರಿಯಿಲ್ಲದಿದ್ದರೆ, 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಎಲ್ಲ ಸಲಕರಣೆಗಳನ್ನು ಸರಿಯಾದ ಅರ್ಥಿಂಗ್ ಇರುವ ಒಂದೇ ಸಾಲಿನಿಂದ ನಡೆಸುವುದು, ‘ಬ್ಯಾಲೆನ್ಸ್ಡ್’ ತಂತಿಗಳನ್ನು ಬಳಸುವುದು ಪರಿಹಾರ. ವಿದ್ಯುತ್ ಕಡಿತದ ಸಂದರ್ಭದಲ್ಲಿ ಮೇಜಿನ ಗಣಕಕ್ಕೆ ಯುಪಿಎಸ್ ಅನಿವಾರ್ಯ. ಲ್ಯಾಪ್‌ಟಾಪ್ ಮತ್ತು ತಂತಿಯಿಂದಲೇ ವಿದ್ಯುತ್ ಪಡೆಯುವ ಪೆಟ್ಟಿಗೆಯಾದರೆ ಬ್ಯಾಟರಿಯ ಮೇಲೆ ಕೆಲಸ ಮುಗಿಸಬಹುದು.

ಇದಕ್ಕಿಂತ ದೊಡ್ಡ ಸಂಗತಿ ಕೊಠಡಿ. ರಸ್ತೆಯ ಆಟೋರಿಕ್ಷಾ ಸದ್ದು, ಗೋಡೆಗಳ ಮಾರ್ದನಿ ಇವು ಮೈಕ್ರೊಫೋನಿಗೆ ಸೇರಿದ ಮೇಲೆ ಎಷ್ಟೇ ಬೆಲೆಯ ಇಂಟರ್‌ಫೇಸೂ ಅವನ್ನು ಬೇರ್ಪಡಿಸಲಾರದು. ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಕಪಾಟು ಇವುಗಳಿಂದ ಮಾರ್ದನಿಯನ್ನು ಬಹುಮಟ್ಟಿಗೆ ತಗ್ಗಿಸಬಹುದು. ರಸ್ತೆಯ ಸದ್ದಿಗೆ ಮಾತ್ರ ಒಳಗಿನ ಕೊಠಡಿಯನ್ನೇ ಆರಿಸಿಕೊಳ್ಳಬೇಕು.

7. ಸಲಕರಣೆಗಿಂತ ಮೊದಲು ಸಾಯುವ ದ್ವಾರಗಳು

ಬಂಡವಾಳ ಹೂಡುವವರು ಹೆಚ್ಚು ಗಮನಿಸಬೇಕಾದ ಅಂಶ ಇದು. ಧ್ವನಿ ಸಲಕರಣೆಗಳು ಕೆಟ್ಟು ನಿಲ್ಲುವುದಕ್ಕಿಂತ ಮೊದಲೇ ಅವನ್ನು ಜೋಡಿಸುವ ದ್ವಾರಗಳು ಬಳಕೆ ತಪ್ಪುವುದುಂಟು. 2000ದ ದಶಕದಲ್ಲಿ ಅನೇಕ ಸ್ಟುಡಿಯೋಗಳಲ್ಲಿದ್ದ ಎಂ-ಆಡಿಯೊ ಡೆಲ್ಟಾ ಮುಂತಾದ ಕಾರ್ಡುಗಳು ಹಳೆಯ ಪಿಸಿಐ ಸ್ಥಾನಕ್ಕಾಗಿ ತಯಾರಾದವು. ಇಂದಿನ ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ಆ ಸ್ಥಾನವೇ ಇಲ್ಲ. ಕಾರ್ಡು ಚೆನ್ನಾಗಿದೆ, ಕೂರಿಸಲು ಜಾಗವಿಲ್ಲ.

ಹೊರಗಿನ ಪೆಟ್ಟಿಗೆಗೂ ಈ ಗಂಡಾಂತರ ತಪ್ಪಿದ್ದಲ್ಲ. ಅದೇ ದಶಕದಲ್ಲಿ ವೃತ್ತಿಪರರ ಮೆಚ್ಚಿನದಾಗಿದ್ದ ಫೈರ್‌ವೈರ್ ದ್ವಾರವನ್ನು ಗಣಕ ತಯಾರಕರು ಕ್ರಮೇಣ ಕೈಬಿಟ್ಟರು. 2025ರಲ್ಲಿ ಬಂದ ಆ್ಯಪಲ್ ಕಂಪನಿಯ ಮ್ಯಾಕ್‌ಒಎಸ್ 26 ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆಯಲಾಯಿತು. ಸಾವಿರಾರು ರೂಪಾಯಿಯ ಪೆಟ್ಟಿಗೆಗಳು ಇದರಿಂದ ಹೊಸ ಗಣಕಗಳಿಗೆ ನಿರುಪಯುಕ್ತವಾದವು. ಒಳಗೋ ಹೊರಗೋ ಎಂಬುದಕ್ಕಿಂತ, ಬಳಸುವ ದ್ವಾರವು ಎಷ್ಟು ವ್ಯಾಪಕ ಎಂಬುದೇ ಸಲಕರಣೆಯ ಆಯುಷ್ಯವನ್ನು ನಿರ್ಧರಿಸುತ್ತದೆ. ಈ ದೃಷ್ಟಿಯಿಂದ ಯುಎಸ್‌ಬಿ ಇಂದು ಸುರಕ್ಷಿತ. ಹಳೆಯ ಯುಎಸ್‌ಬಿ 2.0 ಪೆಟ್ಟಿಗೆಯನ್ನೂ ಸಣ್ಣ ಅಡಾಪ್ಟರ್ ಮೂಲಕ ಹೊಸ ಸಿ-ಬಗೆಯ ದ್ವಾರಕ್ಕೆ ಜೋಡಿಸಬಹುದು.

ಡ್ರೈವರ್ ಎಂಬ ತಂತ್ರಾಂಶದ ವಿಷಯವೂ ಇದರಂತೆಯೇ. ತಯಾರಕರು ಹೊಸ ಕಾರ್ಯಾಚರಣ ವ್ಯವಸ್ಥೆಗೆ ಡ್ರೈವರ್ ಬರೆಯುವುದನ್ನು ನಿಲ್ಲಿಸಿದರೆ ಸಲಕರಣೆ ನಿಂತಂತೆಯೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಾಗ ಗಣಕ ಬದಲಿಸಿದವರೆಲ್ಲ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಯುಎಸ್‌ಬಿಯ ಸಾರ್ವತ್ರಿಕ ಆಡಿಯೊ ನಿಯಮಕ್ಕೆ ಒಳಪಟ್ಟ, ‘ಕ್ಲಾಸ್ ಕಂಪ್ಲೈಂಟ್’ ಎಂದು ಕರೆಯುವ ಪೆಟ್ಟಿಗೆಗಳು ತಯಾರಕರ ಡ್ರೈವರ್ ಇಲ್ಲದೆಯೂ ಮೂಲಭೂತ ಕೆಲಸ ಮಾಡುತ್ತವೆ. ಈ ನಿಯಮದ ಎರಡನೆಯ ಆವೃತ್ತಿಗೆ ವಿಂಡೋಸ್ ತನ್ನದೇ ಡ್ರೈವರನ್ನು ಒದಗಿಸಿದ್ದು 2017ರಲ್ಲಿ. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೊಂದು.

8. ವೆಚ್ಚದ ತುಲನೆ

ಎರಡು ಮೈಕ್ರೊಫೋನ್‌ಗಳ ಕೊಠಡಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆಳಗಿನವು ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿಕೊಂಡ, ತೆರಿಗೆ ಹೊರತಾದ ಮೊತ್ತಗಳು. ಉದ್ದಿಮೆದಾರರು ತಾವು ಪಡೆದ ದರಪಟ್ಟಿಯ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಬರೆದುಕೊಳ್ಳಬೇಕು.

ಒಳಗಿನ ಕಾರ್ಡಿನ ದಾರಿ: ಕಾರ್ಡು ರೂ. 18,000, ಎರಡು ವಾಹಿನಿಗಳ ಪ್ರಿಆಂಪ್ ರೂ. 14,000, ತಂತಿಗಳು ರೂ. 2,000, ಜೋಡಣೆಯ ಕೂಲಿ ರೂ. 1,500. ಒಟ್ಟು ರೂ. 35,500.

ಹೊರಗಿನ ಪೆಟ್ಟಿಗೆಯ ದಾರಿ: ಪೆಟ್ಟಿಗೆ ರೂ. 20,000, ತಂತಿಗಳು ರೂ. 1,500. ಒಟ್ಟು ರೂ. 21,500.

ಐದು ವರ್ಷಗಳ ಬಾಳಿಕೆ ಎಂದುಕೊಂಡು, ಮರುಮಾರಾಟದ ಬೆಲೆಯನ್ನು ಸೊನ್ನೆಯೆಂದು ಎಣಿಸಿದರೆ, ವಾರ್ಷಿಕ ವೆಚ್ಚ ಅನುಕ್ರಮವಾಗಿ ರೂ. 7,100 ಮತ್ತು ರೂ. 4,300. ಬೆಲೆಪಟ್ಟಿಯಲ್ಲಿ ಕಾರ್ಡು ಎರಡು ಸಾವಿರ ಅಗ್ಗವಾಗಿ ಕಂಡಿತ್ತು; ಪೂರ್ಣ ಲೆಕ್ಕದಲ್ಲಿ ಹದಿನಾಲ್ಕು ಸಾವಿರ ದುಬಾರಿಯಾಯಿತು.

ಈಗ ಒಂದು ಬದಲಾವಣೆ. ಉದ್ದಿಮೆಯಲ್ಲಿ ಉತ್ತಮ ಪ್ರಿಆಂಪ್‌ಗಳುಳ್ಳ ಮಿಕ್ಸರ್ ಈಗಾಗಲೇ ಇದೆ ಎನ್ನೋಣ. ಆಗ ಕಾರ್ಡಿನ ದಾರಿಯ ವೆಚ್ಚವೂ ರೂ. 21,500ಕ್ಕೆ ಇಳಿಯುತ್ತದೆ, ಎರಡೂ ಸಮ. ಇಂತಹ ಸಂದರ್ಭದಲ್ಲಿ ಹಣವು ನಿರ್ಧರಿಸದು; ಗಣಕವನ್ನು ಎಷ್ಟು ವರ್ಷ ಇಟ್ಟುಕೊಳ್ಳುವ ಯೋಜನೆಯಿದೆ ಎಂಬುದು ನಿರ್ಧರಿಸುತ್ತದೆ. ಮೂರನೆಯ ವರ್ಷ ಮೇಜಿನ ಗಣಕವನ್ನು ಬಿಟ್ಟು ಲ್ಯಾಪ್‌ಟಾಪ್ ಕೊಂಡರೆ ಕಾರ್ಡಿನ ಉಳಿದ ಎರಡು ವರ್ಷಗಳ ಬಾಳಿಕೆ ನಷ್ಟವಾಗಿ, ಪೆಟ್ಟಿಗೆಯನ್ನು ಹೊಸದಾಗಿ ಕೊಳ್ಳಲೇಬೇಕಾಗುತ್ತದೆ.

9. ಕೊಳ್ಳುವುದೇ ಬೇಕೆ?

ಮೂರನೆಯ ದಾರಿಯೊಂದಿದೆ: ಏನನ್ನೂ ಕೊಳ್ಳದೆ ಸ್ಟುಡಿಯೋವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು. ಮಾರಾಟಗಾರರು ಇದನ್ನು ಹೇಳುವುದಿಲ್ಲ; ಲೆಕ್ಕದ ಪುಸ್ತಕ ಹೇಳುತ್ತದೆ.

ಹೊರಗಿನ ಪೆಟ್ಟಿಗೆಗೆ ರೂ. 21,500ರ ಜೊತೆಗೆ ಮೈಕ್ರೊಫೋನ್, ಹೆಡ್‌ಫೋನ್, ಸ್ಟ್ಯಾಂಡುಗಳಿಗೆ ರೂ. 16,500, ಕೊಠಡಿಯ ಪರದೆ ಮುಂತಾದವಕ್ಕೆ ರೂ. 12,000 ಸೇರಿಸಿದರೆ ಬಂಡವಾಳ ರೂ. 50,000. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 10,000. ಸ್ಟುಡಿಯೋ ಬಾಡಿಗೆ ಗಂಟೆಗೆ ರೂ. 600 ಎಂದೂ, ಸ್ವಂತ ಕೊಠಡಿಯಲ್ಲಿ ಮುದ್ರಿಸುವ ನೌಕರರ ಕಾಲದ ಬೆಲೆ ಗಂಟೆಗೆ ರೂ. 200 ಎಂದೂ ಭಾವಿಸಿದರೆ, ಸ್ವಂತ ಕೊಠಡಿಯಲ್ಲಿ ಪ್ರತಿ ಗಂಟೆಗೆ ಉಳಿಯುವುದು ರೂ. 400. ಹತ್ತು ಸಾವಿರವನ್ನು ನಾನೂರರಿಂದ ಭಾಗಿಸಿದರೆ 25 ಗಂಟೆ. ವರ್ಷಕ್ಕೆ 25 ಗಂಟೆಗಿಂತ ಹೆಚ್ಚು ಮುದ್ರಣವಿದ್ದರೆ ಮಾತ್ರ ಈ ಬಂಡವಾಳ ಲಾಭದಾಯಕ. ದಸರೆಗೊಂದು, ಯುಗಾದಿಗೊಂದು ಜಾಹೀರಾತು ಮಾಡಿಸುವ ಅಂಗಡಿಗೆ ಒಳಗಿನ ಕಾರ್ಡೂ ಬೇಡ, ಹೊರಗಿನ ಪೆಟ್ಟಿಗೆಯೂ ಬೇಡ. ವಾರಕ್ಕೊಂದು ತರಬೇತಿ ಪಾಠ ಮುದ್ರಿಸುವ ತಯಾರಕರಿಗೆ ಸ್ವಂತ ಕೊಠಡಿ ಮೊದಲ ವರ್ಷದಿಂದಲೇ ಉಳಿತಾಯ ಕೊಡಬಲ್ಲದು.

10. ತೆರಿಗೆ ಮತ್ತು ಲೆಕ್ಕಪತ್ರ

ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತರಾದವರು ವ್ಯವಹಾರಕ್ಕಾಗಿ ಕೊಂಡ ಇಂತಹ ಸಲಕರಣೆಯ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಇದಕ್ಕೆ ಬಿಲ್ಲಿನಲ್ಲಿ ಕೊಳ್ಳುವವರ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು, ಮಾರಾಟಗಾರರು ಅದನ್ನು ತಮ್ಮ ವಿವರಪಟ್ಟಿಯಲ್ಲಿ ತೋರಿಸಿರಬೇಕು. ಆನ್‌ಲೈನ್ ಮಳಿಗೆಗಳಲ್ಲಿ ಸ್ವಂತ ಹೆಸರಿನಲ್ಲಿ, ಸಂಖ್ಯೆ ನಮೂದಿಸದೆ ಕೊಂಡರೆ ಈ ಜಮೆ ಕೈತಪ್ಪುತ್ತದೆ. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಬಿಲ್ಲಿಲ್ಲದೆ ಕೊಂಡ ಅಗ್ಗದ ಸರಕಿಗೂ ಇದೇ ಗತಿ. ಜೊತೆಗೆ ವಾರಂಟಿಯೂ ಇಲ್ಲ. ಜಮೆಯಾಗಿ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಪಡೆಯುವಂತಿಲ್ಲ. ನೋಂದಣಿ ಇಲ್ಲದವರು, ರಾಜಿ ತೆರಿಗೆ ಯೋಜನೆಯಲ್ಲಿರುವವರು, ಮುದ್ರಿತ ಪುಸ್ತಕಗಳಂತೆ ವಿನಾಯಿತಿಯುಳ್ಳ ಸರಕನ್ನಷ್ಟೇ ಮಾರುವವರು ಮೇಲಿನ ತುಲನೆಯನ್ನು ತೆರಿಗೆ ಸೇರಿದ ಬೆಲೆಯಲ್ಲಿಯೇ ಮಾಡಬೇಕು.

ಆದಾಯ ತೆರಿಗೆಯಲ್ಲಿ ಇದು ಬಂಡವಾಳ ವೆಚ್ಚ. ಒಂದೇ ವರ್ಷದಲ್ಲಿ ಖರ್ಚು ಬರೆಯುವಂತಿಲ್ಲ. ಗಣಕಗಳ ಸವಕಳಿ ದರವನ್ನು 2018–19ರ ಕರನಿರ್ಧಾರಣಾ ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು, ಸಾಮಾನ್ಯ ಯಂತ್ರೋಪಕರಣಗಳಿಗೆ ಶೇ. 15. ಒಳಗಿನ ಕಾರ್ಡು ಗಣಕದ ಭಾಗವೆಂಬುದರಲ್ಲಿ ವಿವಾದವಿಲ್ಲ. ಹೊರಗಿನ ಪೆಟ್ಟಿಗೆಯ ಸ್ಥಿತಿ? ಪ್ರಿಂಟರ್, ಸ್ಕ್ಯಾನರ್ ಮುಂತಾದ ಉಪಕರಣಗಳು ಗಣಕ ವ್ಯವಸ್ಥೆಯ ಅವಿಭಾಜ್ಯ ಅಂಗವೆಂದು ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿ ಬಿಎಸ್‌ಇಎಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಮುಂಬಯಿಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠವು ಡೇಟಾಕ್ರಾಫ್ಟ್ ಪ್ರಕರಣದಲ್ಲಿ, ಗಣಕದೊಂದಿಗೆ ಬಳಸುವ ರೌಟರ್ ಮತ್ತು ಸ್ವಿಚ್‌ಗಳನ್ನು ಗಣಕದ ವರ್ಗಕ್ಕೆ ಸೇರಿಸಬಹುದೆಂದಿತು. ಗಣಕವಿಲ್ಲದೆ ಕೆಲಸವೇ ಮಾಡದ ಪೆಟ್ಟಿಗೆಗೆ ಇದೇ ತರ್ಕ ಅನ್ವಯಿಸುತ್ತದೆಂದು ವಾದಿಸಲು ಆಧಾರವಿದೆ. ಗಣಕವಿಲ್ಲದೆಯೂ ನಡೆಯುವ ಮಿಕ್ಸರ್‌ಗೆ ಆ ವಾದ ದುರ್ಬಲ.

ರೂ. 21,500ಕ್ಕೆ ಮೊದಲ ವರ್ಷದ ಸವಕಳಿ ಶೇ. 40ರಂತೆ ರೂ. 8,600, ಶೇ. 15ರಂತೆ ರೂ. 3,225. ವ್ಯತ್ಯಾಸ ರೂ. 5,375. ಶೇ. 30ರ ತೆರಿಗೆ ಹಂತದಲ್ಲಿರುವವರಿಗೂ ಇದು ಸುಮಾರು ರೂ. 1,600ರ ತೆರಿಗೆಯನ್ನು ಮುಂದೂಡಿದಂತೆ ಮಾತ್ರ. ಇಷ್ಟಕ್ಕಾಗಿ ಬೇಡದ ಸಲಕರಣೆಯನ್ನು ಆರಿಸುವುದು ವಿವೇಕವಲ್ಲ. ಮತ್ತೆರಡು ನಿಯಮಗಳು ಮಾತ್ರ ನೆನಪಿರಬೇಕು. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಹೊಸ ಆಸ್ತಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ. ಆದ್ದರಿಂದ ಅಕ್ಟೋಬರ್ ಆರಂಭಕ್ಕೆ ಮೊದಲೇ ಬಳಕೆಗೆ ತರುವುದು ಲೇಸು. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟು ಆಸ್ತಿ ಕೊಂಡರೆ ಆ ಪಾವತಿಯು ಆಸ್ತಿಯ ಬೆಲೆಯಲ್ಲಿ ಸೇರುವುದಿಲ್ಲ, ಸವಕಳಿಯೂ ಇಲ್ಲ. ಅಂದಾಜು ಆದಾಯ ಯೋಜನೆಯಡಿ ವಿವರಪಟ್ಟಿ ಸಲ್ಲಿಸುವವರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲ. 1961ರ ಕಾಯಿದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯಿದೆ ಬಂದಿರುವುದರಿಂದ, ಖರೀದಿಯ ವರ್ಷಕ್ಕೆ ಅನ್ವಯಿಸುವ ದರ ಮತ್ತು ಕಲಂಗಳನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಹೊರಗಿನ ಪೆಟ್ಟಿಗೆಗೆ ಆಸ್ತಿ ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಚೀಟಿಯನ್ನು ಪೆಟ್ಟಿಗೆಗೆ ಅಂಟಿಸಬೇಕು. ಯಾರು, ಯಾವ ದಿನ ಹೊರಗೆ ಒಯ್ದರು ಎಂಬುದನ್ನು ಬರೆದಿಡಬೇಕು. ಅಂಗಡಿಯ ವಿಮೆಯು ಆವರಣದ ಒಳಗಿನ ವಸ್ತುಗಳಿಗಷ್ಟೇ ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯಲ್ಲಿ ಓದಿ ನೋಡಬೇಕು.

11. ನಿರ್ಧಾರದ ಕ್ರಮ

ದರಪಟ್ಟಿ ತರಿಸುವ ಮುನ್ನ ಉದ್ದಿಮೆದಾರರು ಐದು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರಿಸಿಕೊಳ್ಳುವುದು ಒಳಿತು.

ಅ) ವರ್ಷಕ್ಕೆ ಎಷ್ಟು ಗಂಟೆಗಳ ಮುದ್ರಣ ನಿಜವಾಗಿ ಇದೆ? ಸಮತೋಲನದ ಗಂಟೆಗಳಿಗಿಂತ ಕಡಿಮೆಯಿದ್ದರೆ ಬಾಡಿಗೆಯೇ ಸರಿ.

ಆ) ಏಕಕಾಲಕ್ಕೆ ಎಷ್ಟು ಮೈಕ್ರೊಫೋನ್? ಎಂಟರವರೆಗೆ ಹೊರಗಿನ ಪೆಟ್ಟಿಗೆ ಸಾಕು. ಹದಿನಾರಕ್ಕೂ ಮೀರಿದ, ದಿನವಿಡೀ ನಡೆಯುವ ಸ್ಥಿರ ಸ್ಟುಡಿಯೋ ಆದರೆ ಒಳಗಿನ ಕಾರ್ಡನ್ನೂ ಪರಿಶೀಲಿಸಬೇಕು.

ಇ) ಮುದ್ರಣವು ಒಂದೇ ಕೊಠಡಿಯಲ್ಲೋ, ಹಲವು ಸ್ಥಳಗಳಲ್ಲೋ?

ಈ) ಈಗಿನ ಗಣಕದ ಬಾಳಿಕೆ ಇನ್ನೆಷ್ಟು ವರ್ಷ? ಮುಂದಿನದು ಲ್ಯಾಪ್‌ಟಾಪ್ ಆಗುವ ಸಾಧ್ಯತೆಯಿದ್ದರೆ ಕಾರ್ಡು ಬೇಡ.

ಉ) ಪ್ರಿಆಂಪ್ ಅಥವಾ ಮಿಕ್ಸರ್ ಈಗಾಗಲೇ ಇದೆಯೇ?

ಈ ಪ್ರಶ್ನೆಗಳ ಉತ್ತರವನ್ನು ಕೂಡಿಸಿ ನೋಡಿದರೆ, ಮೈಸೂರಿನ ಬಹುಪಾಲು ಸಣ್ಣ ಉದ್ದಿಮೆಗಳಿಗೆ ಎರಡು ಮೈಕ್ರೊಫೋನ್‌ಗಳ, ಯುಎಸ್‌ಬಿ ದ್ವಾರದ ಹೊರಗಿನ ಪೆಟ್ಟಿಗೆಯೇ ಸೂಕ್ತವೆಂಬ ನಿರ್ಣಯಕ್ಕೆ ಬರಬಹುದು. ಪ್ರಿಆಂಪ್‌ಗಳು ಈಗಾಗಲೇ ಇರುವ, ಮೇಜಿನ ಗಣಕವನ್ನು ದೀರ್ಘಕಾಲ ಬದಲಿಸದ, ಹಲವು ವಾಹಿನಿಗಳ ಸ್ಥಿರ ಸ್ಟುಡಿಯೋಗಳಿಗೆ ಒಳಗಿನ ಕಾರ್ಡು ಇಂದಿಗೂ ತಕ್ಕ ಆಯ್ಕೆ. ಪೆಟ್ಟಿಗೆಯಲ್ಲಿ ಉಳಿಸಿದ ಹಣವನ್ನು ಉತ್ತಮ ಮೈಕ್ರೊಫೋನಿಗೂ ಕೊಠಡಿಯ ಪರದೆಗೂ ವಿನಿಯೋಗಿಸಿದರೆ, ಅದರ ಫಲವು ಗ್ರಾಹಕರ ಕಿವಿಗೆ ಮುಟ್ಟುತ್ತದೆ.